ರಿಪೋರ್ಟ್ ನಾರ್ಮಲ್, ಮನುಷ್ಯ?

"ಏನೂ ಇಲ್ಲ, ಎಲ್ಲಾ ನಾರ್ಮಲ್. ಟೆನ್ಷನ್ ಕಡಿಮೆ ಮಾಡ್ಕೊಳ್ಳಿ." ಎಂಡೋಸ್ಕೋಪಿ ರಿಪೋರ್ಟ್ ಕೈಗಿಟ್ಟ ಡಾಕ್ಟರು ಹೇಳಿದ್ದು ಇಷ್ಟೇ. ಖುಷಿಪಡಬೇಕಿತ್ತು. ಆದರೆ ಎರಡು ವರ್ಷದಿಂದ ನಾಲ್ಕು ತುತ್ತಿಗೇ ಹೊಟ್ಟೆ ಬಿರಿಯುವ ನನಗೆ ಸುಳ್ಳುಗಾರ ಅನ್ನಿಸಿಕೊಂಡ ಹಾಗಾಯ್ತು.

ನಮ್ಮ ಕೆಲಸದಲ್ಲಿ ಇದು ನಡೆಯಲ್ಲ ಸ್ವಾಮಿ. ಲಾಗ್‌ನಲ್ಲಿ ಎರರ್ ಇಲ್ಲ ಅಂತ ಗ್ರಾಹಕರ ದೂರನ್ನು ಮುಚ್ಚಿಹಾಕಿದರೆ ಮ್ಯಾನೇಜರ್ ಕೈಲಿ ಉಗಿಸಿಕೊಳ್ಳಬೇಕು.

ಈ ಕಾಯಿಲೆಗೆ ಹೆಸರಿದೆ: ಫಂಕ್ಷನಲ್ ಡಿಸ್ಪೆಪ್ಸಿಯಾ. ಊಟವಾದ ಮೇಲೆ ಭಾರ, ಬೇಗ ಹೊಟ್ಟೆ ತುಂಬುವುದು, ಮೇಲ್ಹೊಟ್ಟೆಯಲ್ಲಿ ನೋವು ಅಥವಾ ಉರಿ. 2016ರ ರೋಮ್ 4 ಮಾನದಂಡದ ಪ್ರಕಾರ ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು, ಕಳೆದ 3 ತಿಂಗಳಲ್ಲೂ ಕಾಡಿರಬೇಕು, ಅದಕ್ಕೆ ಕಾರಣವಾಗುವಂಥ ಹುಣ್ಣು, ಗಡ್ಡೆ ಸಿಕ್ಕಿರಬಾರದು. ಅಂದರೆ ಎಂಡೋಸ್ಕೋಪಿ ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಅಂತಲ್ಲ. ಈ ಕಾಯಿಲೆಯ ವ್ಯಾಖ್ಯಾನವೇ ಅದು!

ಹಾಗಾದರೆ ಅಳೆಯೋದು ಹೇಗೆ? ಆಸ್ಟ್ರೇಲಿಯಾದ ನಿಕೋಲಸ್ ಟ್ಯಾಲಿ ಮತ್ತು ಸಂಗಡಿಗರು ರೂಪಿಸಿದ ನೆಪಿಯನ್ ಡಿಸ್ಪೆಪ್ಸಿಯಾ ಇಂಡೆಕ್ಸ್ ಇದೆ. ಅದರ ಕಿರು ರೂಪದಲ್ಲಿ ಬರೀ 10 ಪ್ರಶ್ನೆ, 5 ವಿಷಯ: ಮನಸ್ಸಿನ ಒತ್ತಡ, ದಿನನಿತ್ಯದ ಚಟುವಟಿಕೆ, ತಿನ್ನುವುದು-ಕುಡಿಯುವುದು, ಕಾಯಿಲೆಯ ಬಗ್ಗೆ ತಿಳಿವಳಿಕೆ ಮತ್ತು ಹಿಡಿತ, ಕೆಲಸ ಅಥವಾ ಓದು.

ಕಳೆದ ವರ್ಷ ಊರಲ್ಲಿ ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ಕೂತು ಎಲೆಗೆ ಕೈ ಅಡ್ಡ ಹಿಡಿದೆ. "ಬೆಂಗ್ಳೂರಿಗೆ ಹೋದ್ಮೇಲೆ ನಮ್ಮೂಟ ಸೇರಲ್ವೇನಪ್ಪಾ" ಅಂದರು ದೊಡ್ಡಮ್ಮ. ಈ ನಷ್ಟ ಯಾವ ಕ್ಯಾಮೆರಾಗೆ ಕಾಣುತ್ತೆ? ಊಟದ ಬಗ್ಗೆ ಬಾಯಿಬಿಟ್ಟು ಕೇಳಿದರೆ ಮಾತ್ರ ಗೊತ್ತಾಗುತ್ತೆ.

ರೋಗಿ ಹೇಳಿದ್ದನ್ನು ನಂಬೋದು ಹೇಗೆ ಅಂತೀರಾ? ತಲೆನೋವಿಗೂ ಮೀಟರ್ ಇಲ್ಲ. ಅದೇ ಪ್ರಶ್ನೆಗಳನ್ನು ಮಾತ್ರೆ ಶುರುಮಾಡುವ ಮುಂಚೆ ಒಮ್ಮೆ, ಎರಡು ತಿಂಗಳಾದ ಮೇಲೆ ಒಮ್ಮೆ ಕೇಳಿ. ಬದುಕು ಸುಧಾರಿಸಿತಾ ಇಲ್ವಾ ಅನ್ನೋದು ಅಂಕಿಯಲ್ಲೇ ಕಾಣುತ್ತೆ. ಅಳೆಯದೇ ಇದ್ದರೆ, ಉಪಯೋಗ ಇದೆಯೋ ಇಲ್ಲವೋ ನೋಡದೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗ್ತಾ ಇರೋದೇ. ಡಾಕ್ಟರಿಗೆ ಪುರುಸೊತ್ತಿಲ್ಲ, ಒಪ್ಪಿದೆ. ಹೊರಗೆ ಒಂದು ಗಂಟೆ ಮೊಬೈಲ್ ಉಜ್ಜುತ್ತಾ ಕೂರುವ ನಮಗಿದೆಯಲ್ಲ! ಫಾರಂ ಅಲ್ಲೇ ಕೊಡಿ, ತುಂಬಿಸ್ತೀವಿ.

ಎಂಡೋಸ್ಕೋಪಿ ಬೇಡ ಅಂತ ನಾನು ಹೇಳ್ತಿಲ್ಲ. ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ ತಡಮಾಡದೆ ತೋರಿಸಿ. ನನ್ನ ತಕರಾರು ಅಲ್ಲಿಗೇ ನಿಲ್ಲಿಸುವವರ ಮೇಲೆ.

ಮುಂದಿನ ಸಲ ಯಾರಾದರೂ "ಏನೂ ಇಲ್ಲ" ಅಂದರೆ ಎದ್ದು ಬರಬೇಡಿ. ಕೇಳಿ: "ಹೊಟ್ಟೆ ಒಳಗೆ ನೋಡಿದ್ರಿ ಸಾರ್, ಸರಿ. ಊಟ ಹೆಂಗೆ ಮಾಡ್ತಿದೀಯ ಅಂತ ಕೇಳ್ಲೇ ಇಲ್ವಲ್ಲ?"