‘ನಾನು’ ಎಂಬುದು ಇಲ್ಲವೇ? – ಶೂನ್ಯದ ಕುರಿತು ಒಂದೆರಡು ಮಾತು

ನನ್ನ ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ ಕೇಳುವ ಪ್ರಶ್ನೆಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಮೊದಲು ವರ್ಗಾವಣೆಯ ಚಿಂತೆ, ಬಳಿಕ ಮನೆ ಕಟ್ಟಿಸುವ ಚಿಂತೆ, ಆಮೇಲೆ ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಹಾಕಬೇಕೋ ಇಂಗ್ಲಿಷಿಗೋ ಎಂಬ ಚಿಂತೆ. ಈಗ ನಲವತ್ತು ದಾಟಿದವರು ಕೇಳುತ್ತಿರುವ ಪ್ರಶ್ನೆಯೇ ಬೇರೆ. ‘ಸರ, ನಾನು ಅನ್ನೋದು ಖರೇನ ಐತೇನ್ರಿ?’ ಕನ್ನಡ ವ್ಯಾಕರಣದಲ್ಲಿ ಉತ್ತಮಪುರುಷ ಏಕವಚನವನ್ನು ಮೂವತ್ತು ವರ್ಷ ಕಲಿಸಿದವನಿಗೆ ಇಂಥ ಪ್ರಶ್ನೆ ಬಂದರೆ ತುಸು ಗಾಬರಿಯಾಗುವುದು ಸಹಜ.

ಇದಕ್ಕೆ ಕಾರಣ ಹತ್ತು ದಿನಗಳ ವಿಪಶ್ಯನ ಶಿಬಿರಗಳು. ಬರ್ಮಾದ ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ಅವರು ಸಯಾಜಿ ಉ ಬಾ ಖಿನ್ ಎಂಬ ಗೃಹಸ್ಥ ಗುರುವಿನಿಂದ ಈ ವಿದ್ಯೆಯನ್ನು ಕಲಿತು 1969ರಲ್ಲಿ ಭಾರತಕ್ಕೆ ತಂದರು. ನಾಶಿಕ ಜಿಲ್ಲೆಯ ಇಗತಪುರಿಯ ಧಮ್ಮಗಿರಿ ಅವರ ಮುಖ್ಯ ಕೇಂದ್ರ. ಬೆಂಗಳೂರಿನ ತುಮಕೂರು ರಸ್ತೆಯ ಕಡೆ ಆಲೂರಿನಲ್ಲಿಯೂ ಒಂದು ಕೇಂದ್ರವಿದೆ. ನಸುಕಿನ ನಾಲ್ಕಕ್ಕೆ ಏಳಬೇಕು, ಮಾತು ಬಂದ್, ಮೊಬೈಲು ಬಂದ್, ಓದು ಬರಹ ಬಂದ್. ಮೊದಲ ಮೂರು ದಿನ ಬರಿಯ ಉಸಿರಾಟವನ್ನು ಗಮನಿಸುವುದು. ನಾಲ್ಕನೆಯ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯ ಸಂವೇದನೆಗಳನ್ನು, ಬೇಕು ಬೇಡ ಎನ್ನದೆ, ನೋಡುತ್ತ ಹೋಗುವುದು. ನಿವೃತ್ತಿಯ ನಂತರ ನಾನೂ ಒಮ್ಮೆ ಕುಳಿತು ಬಂದಿದ್ದೇನೆ. ಮೊಣಕಾಲಿನ ನೋವು ‘ನನ್ನ ನೋವು’ ಎಂಬುದರಿಂದ ಬರಿಯ ‘ನೋವು’ ಆಗುವ ಕ್ಷಣವೊಂದಿದೆ. ಅದು ಸುಳ್ಳಲ್ಲ. ಆದ್ದರಿಂದ ಶಿಬಿರಗಳ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಇರುವುದು ಶಿಬಿರದಿಂದ ಮರಳಿದವರು ಬಳಸುವ ಒಂದು ಪದದ ಬಗ್ಗೆ, ಅಂದರೆ ‘ಶೂನ್ಯ’ದ ಬಗ್ಗೆ.

ಇಬ್ಬರು ವಿದ್ಯಾರ್ಥಿಗಳ ಮಾತನ್ನು ಹೇಳುತ್ತೇನೆ, ಹೆಸರು ಬೇಡ. ಒಬ್ಬನು ದೊಡ್ಡ ಊರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ, ಎರಡು ಶಿಬಿರ ಮುಗಿಸಿದ್ದಾನೆ. ‘ನಾನು ಅನ್ನೋದ ಏನೂ ಇಲ್ಲರಿ ಸರ, ಅಪ್ಪ ಮಗ ಎಲ್ಲಾ ಶೂನ್ಯ’ ಎಂದ. ಆತನ ತಂದೆ ಲಿಂಬೆ ತೋಟಕ್ಕಾಗಿ ಮಾಡಿದ ಬೋರ್‌ವೆಲ್ ಸಾಲದ ಮಾತು ಬಂದಾಗ ಹೇಳಿದ ಮಾತಿದು. ಇನ್ನೊಬ್ಬಳು ಊರ ಹೊರಗಿನ ಕೇರಿಯಿಂದ ಬಂದು, ಓದಿ, ಸ್ವಂತ ದುಡಿಮೆಯಿಂದ ಇಡೀ ಮನೆಯನ್ನು ಎತ್ತಿ ನಿಲ್ಲಿಸಿದವಳು. ಅವಳ ಮನೆಯ ಗೋಡೆಯ ಮೇಲೆ ಬುದ್ಧನೂ ಬಾಬಾಸಾಹೇಬರೂ ಅಕ್ಕಪಕ್ಕದಲ್ಲಿದ್ದಾರೆ. ಅವಳು ಕೇಳಿದಳು: ‘ನಾನು ಅನ್ನಾಕ ಕಲೀಲಿಕ್ಕೆ ನನಗ ಇಪ್ಪತ್ತು ವರ್ಷ ಹಿಡೀತ್ರಿ ಸರ. ಈಗ ಆ ನಾನು ಇಲ್ಲಂದ್ರ ಏನ ಮಾಡಬೇಕ್ರಿ?’ ಇವಳ ಪ್ರಶ್ನೆ ನನ್ನನ್ನು ಹಲವು ರಾತ್ರಿ ಕಾಡಿದೆ. ಅವನದು ಕಾಡಲಿಲ್ಲ, ಸಿಟ್ಟು ತರಿಸಿತು.

ಬುದ್ಧನು ಸಾರನಾಥದಲ್ಲಿ ಐವರು ಭಿಕ್ಷುಗಳಿಗೆ ಮಾಡಿದ ಎರಡನೆಯ ಉಪದೇಶವೇ ಅನಾತ್ಮದ ಕುರಿತದ್ದು. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳಲ್ಲಿ ಯಾವುದನ್ನೂ ‘ಇದು ನಾನು’ ಎನ್ನಲಾಗದು. ಏಕೆಂದರೆ ಈ ದೇಹ ನಿಜವಾಗಿಯೂ ನಾನೇ ಆಗಿದ್ದರೆ, ಅದಕ್ಕೆ ‘ಹೀಗಿರು’ ಎಂದು ಅಪ್ಪಣೆ ಕೊಡಲು ಬರಬೇಕಿತ್ತು. ಅರುವತ್ತು ದಾಟಿದವರಿಗೆ ಈ ವಾದಕ್ಕೆ ಬೇರೆ ಪುರಾವೆ ಬೇಕಿಲ್ಲ! ಮುಂದೆ ‘ಮಿಲಿಂದಪ್ರಶ್ನೆ’ಯಲ್ಲಿ ನಾಗಸೇನ ಭಿಕ್ಷುವು ಯವನ ದೊರೆಗೆ ಇದನ್ನೇ ರಥದ ಉದಾಹರಣೆಯಿಂದ ತಿಳಿಸುತ್ತಾನೆ. ನಮಗೆ ರಥಕ್ಕಿಂತ ಚಕ್ಕಡಿ ಹತ್ತಿರದ್ದು. ನೊಗ ಚಕ್ಕಡಿಯೇ? ಅಲ್ಲ. ಗಾಲಿ, ಅಚ್ಚು, ಕಡಾಣಿ? ಅವೂ ಅಲ್ಲ. ಇವೆಲ್ಲವನ್ನೂ ಬಿಟ್ಟು ಬೇರೆಲ್ಲೋ ಚಕ್ಕಡಿ ಇದೆಯೇ? ಅದೂ ಇಲ್ಲ. ಹಾಗೆಂದು ಚಕ್ಕಡಿಯೇ ಇಲ್ಲವೆಂದು ಯಾರೂ ಹೊಲಕ್ಕೆ ಗೊಬ್ಬರ ಹೇರುವುದನ್ನು ಬಿಟ್ಟಿಲ್ಲ. ಭಾಗಗಳು ಕೂಡಿದಾಗ ನಡೆಯುವ ವ್ಯವಹಾರಕ್ಕೆ ಚಕ್ಕಡಿ ಎಂದು ಹೆಸರು. ‘ನಾನು’ ಎಂಬುದೂ ಹಾಗೆಯೇ.

ಸುಮಾರು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿದ್ದ ಆಚಾರ್ಯ ನಾಗಾರ್ಜುನನು ಈ ವಿಚಾರವನ್ನು ತುದಿಗೆ ಒಯ್ದ. ಶೂನ್ಯತೆ ಎಂದರೆ ಏನೂ ಇಲ್ಲವೆಂದಲ್ಲ. ಯಾವುದೂ ತನ್ನಿಂದ ತಾನೇ ಇಲ್ಲ, ಎಲ್ಲವೂ ಮತ್ತೊಂದನ್ನು ಆಶ್ರಯಿಸಿ ಇದೆ ಎಂಬುದೇ ಅದರ ಅರ್ಥ. ಪ್ರತೀತ್ಯಸಮುತ್ಪಾದ ಎಂಬ ಉದ್ದನೆಯ ಪದದ ಸಾರವೂ ಇಷ್ಟೇ. ನಮ್ಮ ‘ಸೊನ್ನೆ’ ಎಂಬುದು ‘ಶೂನ್ಯ’ದ ತದ್ಭವ ಎಂದು ಎಂಟನೆಯ ತರಗತಿಯಲ್ಲಿ ಕಲಿಸಿದ್ದು ನಿಮಗೆ ನೆನಪಿರಬಹುದು. ಆ ಸೊನ್ನೆಗೂ ಒಂಟಿಯಾಗಿ ಬೆಲೆಯಿಲ್ಲ, ಒಂದರ ಪಕ್ಕದಲ್ಲಿ ನಿಂತರೆ ಹತ್ತಾಗುತ್ತದೆ. ಹೋಲಿಕೆಯನ್ನು ಹೆಚ್ಚು ಎಳೆಯುವುದು ಬೇಡ. ಶೂನ್ಯತೆಯನ್ನು ತಪ್ಪಾಗಿ ಹಿಡಿದವನಿಗೆ ಅದು ಬಾಲ ಹಿಡಿದ ಹಾವಿನಂತೆ ತಿರುಗಿ ಕಚ್ಚುತ್ತದೆ ಎಂದು ಎಚ್ಚರಿಸಿದವನೂ ಅದೇ ನಾಗಾರ್ಜುನ.

ಇವೆಲ್ಲ ಎಲ್ಲಿಯೋ ದೂರದ ಮಾತುಗಳೆಂದು ತಿಳಿಯಬೇಡಿ. ನಮ್ಮ ಇಂಡಿ ತಾಲೂಕನ್ನು ಮುಟ್ಟಿ ಹರಿಯುವ ಭೀಮೆಯ ದಂಡೆಯ ಮೇಲೆಯೇ, ಕೆಳಗೆ ಚಿತ್ತಾಪುರ ತಾಲೂಕಿನಲ್ಲಿ, ಸನ್ನತಿ ಮತ್ತು ಕನಗನಹಳ್ಳಿಗಳಿವೆ. ಸನ್ನತಿಯ ಕಾಳಿಕಾ ಗುಡಿಯಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು 1980ರ ದಶಕದ ಕೊನೆಗೆ ಬೆಳಕಿಗೆ ಬಂತು. ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಮಹಾಸ್ತೂಪದ ಅವಶೇಷಗಳೂ, ಅಶೋಕನ ಹೆಸರು ಬರೆದಿರುವ ಅವನ ಶಿಲ್ಪವೂ ದೊರೆತವು. ಇನ್ನು ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಕೃಷ್ಣೆಯ ನೀರು ಹರಿದು ಹೋಗುವುದು ನಾಗಾರ್ಜುನನ ಹೆಸರನ್ನೇ ಹೊತ್ತ ನಾಗಾರ್ಜುನಕೊಂಡದ ಕಡೆಗೆ. ಆ ಕಣಿವೆಯ ಬೌದ್ಧ ನೆಲೆಗಳು ಇಂದು ಅಣೆಕಟ್ಟಿನ ನೀರಿನ ಅಡಿಯಲ್ಲಿವೆ. ಜೀವಂತ ಪರಂಪರೆಯನ್ನು ನೋಡಬೇಕೆನ್ನುವವರು ಮುಂಡಗೋಡದ ಟಿಬೆಟನ್ ಶಿಬಿರಕ್ಕೆ ಹೋಗಬಹುದು. ಅಲ್ಲಿ ದ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳ ಎಳೆಯ ಭಿಕ್ಷುಗಳು ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ, ಇದೇ ಶೂನ್ಯತೆಯ ಮೇಲೆ ವಾದ ಮಾಡುತ್ತಾರೆ. ‘ಗೆಶೆ’ ಪದವಿಗೆ ಹದಿನೈದು ಇಪ್ಪತ್ತು ವರ್ಷಗಳ ಅಧ್ಯಯನ ಬೇಕು. ನಮ್ಮವರಿಗೆ ಅದು ಹತ್ತೇ ದಿನಕ್ಕೆ ತಿಳಿದುಬಿಡುತ್ತದೆ.

ಈಗ ಆ ಲಿಂಬೆ ತೋಟದ ಮಾತಿಗೆ ಬರೋಣ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದೆ, ಸಂತೋಷ. ಆದರೆ ಒಂದು ಲಿಂಬೆ ಹಣ್ಣು ತನ್ನಿಂದ ತಾನೇ ಆಗಿಲ್ಲ. ನೆಲ, ಬಿಸಿಲು, ಬರಗಾಲದಲ್ಲಿ ಟ್ಯಾಂಕರಿನಿಂದ ತರಿಸಿದ ನೀರು, ಮುಳ್ಳಿಗೆ ಕೈಕೊಟ್ಟು ಕಾಯಿ ಕಿತ್ತ ಹೆಣ್ಣುಮಕ್ಕಳು, ನೀರಿಗಾಗಿ ಮಾಡಿದ ಸಾಲ, ಇವೆಲ್ಲ ಕೂಡಿ ಒಂದು ಹಣ್ಣು. ಅದೇ ತೋಟದ ಆದಾಯದಿಂದ ಕಾಲೇಜಿನ ಫೀ ಕಟ್ಟಿಸಿಕೊಂಡ ಮಗನೂ ಅದೇ ಸರಪಳಿಯಲ್ಲಿ ಬರುತ್ತಾನೆ. ಶೂನ್ಯವನ್ನು ಸರಿಯಾಗಿ ಅರಿತವನಿಗೆ ‘ನಾನು ಯಾರ್ಯಾರ ಋಣದಿಂದ ಆದವನು’ ಎಂಬುದು ಮೊದಲು ಕಾಣಬೇಕು. ಸಾಲ ನನ್ನದಲ್ಲ, ಸಂಬಳ ಮಾತ್ರ ನನ್ನದು ಎನ್ನುವ ಶೂನ್ಯವಾದ ಯಾವ ಪಿಟಕದಲ್ಲಿಯೂ ಇಲ್ಲ. ಅವನಿಗೆ ಇದನ್ನು ಎದುರಿಗೇ ಹೇಳಿದ್ದೇನೆ. ಈ ಬರಹವನ್ನೂ ಅವನು ಓದುತ್ತಾನೆಂದು ಗೊತ್ತು.

ಅವಳ ಪ್ರಶ್ನೆಗೆ ಉತ್ತರ ಇಷ್ಟು ಸುಲಭವಲ್ಲ. ವಚ್ಛಗೋತ್ತನೆಂಬ ಪರಿವ್ರಾಜಕನು ಬುದ್ಧನಲ್ಲಿಗೆ ಬಂದು ‘ಆತ್ಮ ಇದೆಯೇ?’ ಎಂದು ಕೇಳಿದ. ಬುದ್ಧ ಸುಮ್ಮನಿದ್ದ. ‘ಹಾಗಾದರೆ ಇಲ್ಲವೇ?’ ಎಂದ. ಆಗಲೂ ಸುಮ್ಮನಿದ್ದ. ಅವನು ಎದ್ದುಹೋದ ಮೇಲೆ ಆನಂದನು ಕಾರಣ ಕೇಳಿದಾಗ ಬುದ್ಧನು ಕೊಟ್ಟ ಉತ್ತರದಲ್ಲಿ ಸಿದ್ಧಾಂತವೂ ಇದೆ, ಶಿಷ್ಯನ ಮೇಲಿನ ಕನಿಕರವೂ ಇದೆ: ಇಲ್ಲವೆಂದಿದ್ದರೆ, ಮೊದಲೇ ಗೊಂದಲದಲ್ಲಿದ್ದ ಆ ಮನುಷ್ಯನು ಇದ್ದ ಆತ್ಮವನ್ನೂ ಕಳೆದುಕೊಂಡೆನೆಂದು ಇನ್ನಷ್ಟು ಗೊಂದಲಕ್ಕೆ ಬೀಳುತ್ತಿದ್ದ. ಬಿ.ಎಡ್. ತರಗತಿಯಲ್ಲಿ ನಮಗೆ ಮಗುವಿನ ಪೂರ್ವಜ್ಞಾನವನ್ನು ಅರಿತು ಪಾಠ ಮಾಡಬೇಕೆಂದು ಕಲಿಸಿದ್ದರು. ಬುದ್ಧನು ಅದನ್ನು ಮೌನದಿಂದಲೇ ಮಾಡಿ ತೋರಿಸಿದ್ದ. ಒಂದೇ ಪಾಠ ಎಲ್ಲರಿಗೂ ಹೊಂದುವುದಿಲ್ಲ. ‘ನಾನು, ನಾನು’ ಎಂದು ಉಬ್ಬಿದವನಿಗೆ ಹೇಳುವ ಮಾತನ್ನು, ‘ನೀನು ಯಾರೂ ಅಲ್ಲ’ ಎಂದು ತಲೆಮಾರುಗಳಿಂದ ಹೇಳಿಸಿಕೊಂಡವಳಿಗೆ ಅದೇ ಧ್ವನಿಯಲ್ಲಿ ಹೇಳಿದರೆ ಅದು ಧರ್ಮವಲ್ಲ, ಹಳೆಯ ಅವಮಾನದ ಹೊಸ ರೂಪ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದ ಡಾ. ಅಂಬೇಡ್ಕರರಿಗೆ ಈ ಸೂಕ್ಷ್ಮ ತಿಳಿದಿತ್ತು. ಅವರ ನಿಧನಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರು ಶೂನ್ಯತೆಯನ್ನು ನಾಸ್ತಿತ್ವವೆಂದು ಒಪ್ಪುವುದಿಲ್ಲ. ಎಲ್ಲವೂ ಕ್ಷಣಕ್ಷಣಕ್ಕೂ ಬದಲಾಗುತ್ತಿದೆ, ಹಾಗೆ ಬದಲಾಗುವುದರಿಂದಲೇ ಜಗತ್ತಿನಲ್ಲಿ ಏನಾದರೂ ಸಾಧ್ಯವಾಗುತ್ತದೆ ಎಂಬುದು ಅವರ ವಿವರಣೆಯ ತಾತ್ಪರ್ಯ. ಯೋಚಿಸಿ ನೋಡಿ. ಮೇಲು ಎಂಬುದಕ್ಕೆ ಸ್ವಭಾವವಿದ್ದರೆ ಅದು ಎಂದೆಂದಿಗೂ ಮೇಲಾಗಿಯೇ, ಕೀಳು ಎಂಬುದಕ್ಕೆ ಸ್ವಭಾವವಿದ್ದರೆ ಅದು ಎಂದೆಂದಿಗೂ ಕೀಳಾಗಿಯೇ ಇರಬೇಕಾಗುತ್ತಿತ್ತು. ಎರಡೂ ಶೂನ್ಯವಾದ್ದರಿಂದಲೇ ಕೇರಿಯ ಹುಡುಗಿ ಓದಿ ಮುಂದೆ ಬರಲು ಸಾಧ್ಯವಾಯಿತು. ಆದ್ದರಿಂದ ಆಕೆಗೆ ನಾನು ಹೇಳಿದ್ದು ಇಷ್ಟೇ: ‘ತಂಗಿ, ನೀನು ಇಪ್ಪತ್ತು ವರ್ಷ ಕಷ್ಟಪಟ್ಟು ಕಲಿತ ನಾನು ಎಂಬುದನ್ನು ಬಿಡು ಅಂತ ಬುದ್ಧ ಹೇಳಾಕತ್ತಿಲ್ಲ. ಊರು ನಿನಗ ಹೊರಿಸಿತ್ತಲ್ಲ, ಆ ನಾನು ಸುಳ್ಳು ಅಂತಾನ.’ ಅವಳು ಒಪ್ಪಿದಳೋ ಇಲ್ಲವೋ ತಿಳಿಯದು. ‘ವಿಚಾರ ಮಾಡ್ತೀನ್ರಿ ಸರ’ ಎಂದಳು.

ನಮ್ಮವರಲ್ಲಿ ಕೆಲವರು ‘ಇದೆಲ್ಲ ಅಲ್ಲಮಪ್ರಭುವೇ ಹೇಳಿದ್ದು, ಬೌದ್ಧರಿಂದ ಕಲಿಯುವುದೇನಿದೆ?’ ಎನ್ನುತ್ತಾರೆ. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಶೂನ್ಯ, ಬಯಲು ಎಂಬ ಮಾತುಗಳು ಹೊಸವಲ್ಲ, ನಿಜ. ಶೂನ್ಯಸಂಪಾದನೆ ಎಂಬ ಹೆಸರಿನ ಗ್ರಂಥಗಳೇ ನಮ್ಮಲ್ಲಿವೆ. ಆದರೆ ಶರಣರ ಬಯಲು ಅನುಭವದ ನಿಲುಗಡೆ, ಪರವಸ್ತುವಿಗೆ ಇಟ್ಟ ಹೆಸರು. ನಾಗಾರ್ಜುನನ ಶೂನ್ಯತೆ ಯಾವ ವಸ್ತುವೂ ಅಲ್ಲ, ಶೂನ್ಯತೆಯೂ ಶೂನ್ಯವೇ. ಎರಡನ್ನೂ ಬೆರೆಸಿದರೆ ಎರಡರ ರುಚಿಯೂ ಕೆಡುತ್ತದೆ.

ಆದರೂ ಇಬ್ಬರೂ ತಲೆದೂಗಬಹುದಾದ ಉದಾಹರಣೆಯೊಂದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2023ರ ಜನವರಿ 2ರಂದು ಲಿಂಗೈಕ್ಯರಾದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದ ಪತ್ರದಲ್ಲಿ ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ತಿಳಿಸಿದ್ದರು. 2018ರಲ್ಲಿ ಪದ್ಮಶ್ರೀಯನ್ನೂ ವಿನಯದಿಂದ ಬೇಡವೆಂದಿದ್ದರು. ಅವರ ಅಂಗಿಗೆ ಜೇಬಿರಲಿಲ್ಲ. ಅವರು ಬೌದ್ಧರಲ್ಲ, ಉಪನಿಷತ್ತು, ವಚನಗಳ ಮೇಲೆ ಪ್ರವಚನ ಹೇಳಿದವರು. ಆದರೆ ‘ನಾನು ಇಲ್ಲ’ ಎಂದು ಅವರು ಎಲ್ಲರೆದುರು ಸಾರಿಕೊಂಡು ತಿರುಗಲಿಲ್ಲ, ಹಳ್ಳಿಹಳ್ಳಿಗೆ ಹೋಗಿ ಜನರ ಕೆಲಸ ಮಾಡಿದರು ಎಂಬುದನ್ನು ನನ್ನ ಆ ನೌಕರಿಯ ಶಿಷ್ಯನು ಗಮನಿಸಲಿ.

ಇನ್ನು ಶಿಬಿರಕ್ಕೆ ಹೋಗಲೇ ಎಂದು ಕೇಳಿದವರಿಗೆ: ಹೋಗಿ. ಶುಲ್ಕವಿಲ್ಲ, ಶಿಬಿರ ಮುಗಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು. ತೀವ್ರ ಮಾನಸಿಕ ಕಾಯಿಲೆ ಇದ್ದವರು ಬರಬಾರದೆಂದು ಅವರೇ ತಿಳಿಸುತ್ತಾರೆ, ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ. ಹತ್ತು ದಿನದ ಮೌನ ಎಲ್ಲರಿಗೂ ತಡೆಯುವಂಥದ್ದಲ್ಲ. ಫೋನು ಸಿಗುವುದಿಲ್ಲವಾದ್ದರಿಂದ ಮನೆಯಲ್ಲಿ ಹಿರಿಯರ ಔಷಧ, ಬ್ಯಾಂಕಿನ ಕಂತು ಮುಂತಾದವನ್ನು ಮೊದಲೇ ಹೊಂದಿಸಿಟ್ಟು ಹೊರಡಿ. ಮೊಣಕಾಲು ನೋವಿದ್ದವರಿಗೆ ಕುರ್ಚಿ ಕೊಡುತ್ತಾರೆ, ಕೇಳಲು ಸಂಕೋಚ ಬೇಡ.