ನಿದ್ದೆ ಎಣಿಸುವ ಉಂಗುರ: ಕೊಳ್ಳೋಣವೇ, ಬೇಡವೇ?

ನಮ್ಮ ಕಾಲದವರು ಕಂಡ ಉಂಗುರಗಳು ಎರಡೇ ಬಗೆ. ಶಾಸ್ತ್ರಕ್ಕೆ ತೊಡುವುದು ಒಂದು, ಕಷ್ಟಕಾಲಕ್ಕೆ ಬ್ಯಾಂಕಿನಲ್ಲಿಟ್ಟು ಸಾಲ ತರುವುದು ಇನ್ನೊಂದು. ಈಗ ಮೂರನೆಯ ಬಗೆ ಬಂದಿದೆ. ರಾತ್ರಿ ಹಾಕಿಕೊಂಡು ಮಲಗಿದರೆ ಸಾಕು, ಬೆಳಿಗ್ಗೆ ಮೊಬೈಲಿನಲ್ಲಿ ವರದಿ ಸಿದ್ಧವಾಗಿರುತ್ತದೆ. ಇಷ್ಟು ಹೊತ್ತು ಮಲಗಿದಿರಿ, ಅದರಲ್ಲಿ ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಇಷ್ಟು, ನಿಮ್ಮ ಅಂಕ 100ಕ್ಕೆ 72! ಬಿಕಾಂ ಮುಗಿಸಿ ಐವತ್ತು ವರ್ಷವಾದ ಮೇಲೆ ನನ್ನಂಥವನಿಗೆ ಮತ್ತೆ ಅಂಕಪಟ್ಟಿ.

ಇದನ್ನು ಸ್ಮಾರ್ಟ್ ರಿಂಗ್ ಎನ್ನುತ್ತಾರೆ. ಇದಕ್ಕೆ ಹೆಸರು ತಂದದ್ದು ಫಿನ್‌ಲೆಂಡ್ ದೇಶದ ಔಲು ಪಟ್ಟಣದಲ್ಲಿ 2013ರಲ್ಲಿ ಶುರುವಾದ ‘ಔರಾ’ ಕಂಪನಿ. 2024ರಲ್ಲಿ ಸ್ಯಾಮ್‌ಸಂಗ್ ಕೂಡ ಒಂದು ಉಂಗುರ ಹೊರತಂದಿತು. ನಮ್ಮ ಬೆಂಗಳೂರಿನ ‘ಅಲ್ಟ್ರಾಹ್ಯೂಮನ್’ ಕಂಪನಿಯೂ ಇದನ್ನು ತಯಾರಿಸಿ ಹೊರದೇಶಗಳಿಗೆ ಮಾರಿದೆ. ಅವರ ‘ರಿಂಗ್ ಏರ್’ ತೂಕ 4 ಗ್ರಾಂಗಿಂತ ಕಡಿಮೆ. ಅಷ್ಟರೊಳಗೆ ಬ್ಯಾಟರಿ, ದೀಪ, ಗಣಕ ಎಲ್ಲ ಇದೆ. ಮೆಚ್ಚಲೇಬೇಕಾದ ಕೆಲಸ.

ಮಕ್ಕಳೇ, ನಾವು ಮಲಗಿದ್ದು ಉಂಗುರಕ್ಕೆ ಹೇಗೆ ಗೊತ್ತಾಗುತ್ತದೆ? ಒಂದು ಸಣ್ಣ ಪ್ರಯೋಗ ಮಾಡಿ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ಬೆರಳ ತುದಿ ಇಡಿ. ಬೆರಳು ಕೆಂಪಗೆ ಹೊಳೆಯುತ್ತದೆ, ಅಲ್ಲವೇ? ಬೆಳಕು ಚರ್ಮದೊಳಗೆ ಹೋಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಉಂಗುರದ ಒಳಮೈಯಲ್ಲೂ ಪುಟ್ಟ ದೀಪಗಳಿವೆ. ಹೃದಯ ಬಡಿದಾಗಲೆಲ್ಲ ಬೆರಳಿಗೆ ರಕ್ತ ನುಗ್ಗುತ್ತದೆ, ಆಗ ಹೆಚ್ಚು ಬೆಳಕು ಹೀರಿಹೋಗಿ ಕಡಿಮೆ ಬೆಳಕು ಮರಳುತ್ತದೆ. ಈ ಏರಿಳಿತದಿಂದ ಉಂಗುರ ನಾಡಿ ಎಣಿಸುತ್ತದೆ. ಜೊತೆಗೆ ಕೈ ಅಲುಗಾಡಿದ್ದನ್ನೂ ಮೈಯ ಬಿಸಿಯನ್ನೂ ಅಳೆಯುತ್ತದೆ. ನಾಡಿ ನಿಧಾನವಾಗಿದೆ, ಕೈ ಅಲುಗುತ್ತಿಲ್ಲ, ಹಾಗಾದರೆ ಈತ ನಿದ್ದೆಯಲ್ಲಿದ್ದಾನೆ ಎಂದು ಲೆಕ್ಕ ಹಾಕುತ್ತದೆ.

‘ಲೆಕ್ಕ ಹಾಕುತ್ತದೆ’ ಎಂಬ ಮಾತನ್ನು ಸ್ವಲ್ಪ ಗಮನಿಸಿ. ನಿದ್ದೆ ನಡೆಯುವುದು ಮಿದುಳಿನಲ್ಲಿ, ಉಂಗುರ ಇರುವುದು ಬೆರಳಿನಲ್ಲಿ. ಕಣ್ಣು ಚುರುಕಾಗಿ ಓಡಾಡುವ ಕನಸಿನ ನಿದ್ದೆಯನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಜಗತ್ತಿಗೆ ತಿಳಿಸಿದರು. ಇವತ್ತಿಗೂ ಆಸ್ಪತ್ರೆಯಲ್ಲಿ ನಿದ್ದೆಯನ್ನು ಸರಿಯಾಗಿ ಅಳೆಯಬೇಕಾದರೆ ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ ತಂತಿ ಅಂಟಿಸಿ, ಎದೆಗೆ ಪಟ್ಟಿ ಕಟ್ಟಿ, ಒಂದು ರಾತ್ರಿ ಮಲಗಿಸುತ್ತಾರೆ. ಅದು ಲೆಡ್ಜರ್ ತೆರೆದು ಬಾಕಿ ನೋಡಿದ ಹಾಗೆ. ಉಂಗುರದ್ದು ಬ್ಯಾಂಕಿನ ಎದುರಿನ ಹೋಟೆಲಿನಲ್ಲಿ ಕೂತು, ಬಂದುಹೋದ ಜನರನ್ನು ಎಣಿಸಿ, ಒಳಗೆ ಎಷ್ಟು ಹಣವಿದೆ ಎಂದು ಊಹಿಸಿದ ಹಾಗೆ. ಒಟ್ಟು ಎಷ್ಟು ಹೊತ್ತು ಮಲಗಿದಿರಿ ಎಂಬುದನ್ನು ಒಳ್ಳೆಯ ಉಂಗುರಗಳು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತವೆ. ಗಾಢ ನಿದ್ದೆ ಎಷ್ಟು, ಕನಸಿನ ನಿದ್ದೆ ಎಷ್ಟು ಎಂಬಲ್ಲಿ ತಪ್ಪುವುದು ಹೆಚ್ಚು. ನಮ್ಮಂಥ ಹಿರಿಯರು ಮೂರು ಗಂಟೆಗೇ ಎಚ್ಚರವಾಗಿ, ಸೂರು ನೋಡುತ್ತ ಅಲುಗಾಡದೆ ಬಿದ್ದುಕೊಂಡಿರುತ್ತೇವಲ್ಲ, ಅದನ್ನೂ ಉಂಗುರ ನಿದ್ದೆಯ ಖಾತೆಗೆ ಜಮಾ ಮಾಡಿಬಿಡಬಹುದು.

ಇನ್ನು ನನ್ನ ಕೆಲಸ, ಅಂದರೆ ಕೂಡುವುದು ಕಳೆಯುವುದು. ಸ್ಯಾಮ್‌ಸಂಗ್ ಉಂಗುರ ನಮ್ಮ ದೇಶಕ್ಕೆ ಬಂದಾಗ ಬೆಲೆ 38,999 ರೂಪಾಯಿ. 2023ರಲ್ಲಿ ಬಂದ ‘ಬೋಟ್’ ಉಂಗುರಕ್ಕೆ 8,999. ಮಧ್ಯದ ಅಂದಾಜಿಗೆ 30,000 ಎಂದಿಟ್ಟುಕೊಳ್ಳೋಣ. ಇದರ ಬ್ಯಾಟರಿ ಒಳಗೇ ಮುಚ್ಚಿಹೋಗಿರುತ್ತದೆ, ಗಡಿಯಾರದ ಸೆಲ್ಲಿನಂತೆ ಬದಲಾಯಿಸಲು ಬರುವುದಿಲ್ಲ. ವರ್ಷ ಕಳೆದಂತೆ ಚಾರ್ಜು ನಿಲ್ಲುವುದು ಕಡಿಮೆಯಾಗುತ್ತದೆ. ಮೂರು ವರ್ಷ ಬಾಳಿತು ಎನ್ನೋಣ. ಮೂರು ವರ್ಷಕ್ಕೆ 1,095 ರಾತ್ರಿ. ಭಾಗಿಸಿ ನೋಡಿ ಮಕ್ಕಳೇ: ರಾತ್ರಿಗೆ 27 ರೂಪಾಯಿಯ ಮೇಲೆ. ದಿನವೂ ಅರ್ಧ ಲೀಟರ್ ಹಾಲು ತರುವಷ್ಟು. ಕೆಲವು ಕಂಪನಿಗಳು ಬೆಲೆಯ ಮೇಲೆ ತಿಂಗಳ ಚಂದಾ ಕೂಡ ಕೇಳುತ್ತವೆ. ಔರಾದ್ದು ಅಮೆರಿಕದಲ್ಲಿ ತಿಂಗಳಿಗೆ ಸುಮಾರು 6 ಡಾಲರ್, ಮೂರು ವರ್ಷಕ್ಕೆ 216 ಡಾಲರ್. ಕೊಳ್ಳುವ ಮುಂಚೆ ‘ಚಂದಾ ಇದೆಯೇ?’ ಎಂದು ಕೇಳಲೇಬೇಕು. ಚಿನ್ನದ ಉಂಗುರಕ್ಕೆ ಮೂರು ವರ್ಷದ ನಂತರವೂ ಮೌಲ್ಯ ಉಂಟು, ಇದಕ್ಕೆ ಉಳಿಯುವುದು ಬರೀ ಸವಕಳಿ.

ಹಾಗೆಂದು ದುಡ್ಡೊಂದೇ ಮಾನದಂಡವಲ್ಲ. ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, “ಅಪ್ಪ, ಅಮ್ಮ ಯಾವಾಗಲೂ ಸುಸ್ತು ಅಂತಿರ್ತಾಳೆ. ನಿದ್ದೆ ನೋಡೋ ಉಂಗುರ ಕಳಿಸ್ತೀನಿ” ಎಂದ. ರಜೆಗೆ ಬಂದಿದ್ದ ಮೊಮ್ಮಗಳು ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು. ಫೋನಿನ ಮಾತು ಕೇಳಿಸಿಕೊಂಡು, “ತಾತ, ಅಜ್ಜಿ ಜೋರಾಗಿ ಗೊರಕೆ ಹೊಡೀತಾರೆ. ಮಧ್ಯೆ ಗೊರಕೆ ಪೂರ್ತಿ ನಿಂತುಹೋಗುತ್ತೆ. ನಾನು ಹತ್ತು ಎಣಿಸೋದ್ರಲ್ಲಿ ಗಬಕ್ಕನೆ ಉಸಿರು ಎಳ್ಕೋತಾರೆ” ಎಂದಳು. ಮನೆಯಾಕೆ ನಕ್ಕು, “ನನಗೆ ಚೆನ್ನಾಗೇ ನಿದ್ದೆ ಬರುತ್ತೆ, ಅದೇನು ಹೇಳ್ತೀಯೋ” ಎಂದಳು. ಮಲಗಿದವರಿಗೆ ಅದು ಗೊತ್ತಾಗುವುದಿಲ್ಲ.

ಮೊಮ್ಮಗಳ ಆ ಒಂದು ಮಾತು ಲೆಕ್ಕವನ್ನೇ ಬದಲಿಸಿತು. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಉಸಿರು ಹತ್ತು ಸೆಕೆಂಡಿಗೂ ಹೆಚ್ಚು ನಿಂತು ನಿಂತು ಬರುವುದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಹಗಲೆಲ್ಲ ತೂಕಡಿಕೆ, ಬೆಳಿಗ್ಗೆ ತಲೆನೋವು, ಬಿ.ಪಿ. ಹತೋಟಿಗೆ ಬಾರದಿರುವುದು, ಇವು ಅದರ ಜೊತೆ ಬರಬಹುದು. ನಮ್ಮಾಕೆ ಬಿ.ಪಿ. ಮಾತ್ರೆ ನುಂಗುತ್ತಿರುವವಳೇ. ಉಂಗುರ ಬಂದು ‘72 ಅಂಕ, ಪರವಾಗಿಲ್ಲ’ ಎಂದಿದ್ದರೆ ನಾವು ನೆಮ್ಮದಿಯಾಗಿ ಕೂತುಬಿಡುತ್ತಿದ್ದೆವು. ಅದೇ ಭಯದ ಮಾತು. ಮಗನಿಗೆ, “ಉಂಗುರ ಆಮೇಲೆ ಕಣೋ, ಮೊದಲು ಡಾಕ್ಟರು” ಎಂದೆ. ಡಾಕ್ಟರು ಎಲ್ಲ ಕೇಳಿ ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಉಂಗುರಕ್ಕೆಂದು ತೆಗೆದಿಟ್ಟ ಹಣ ಅದಕ್ಕೆ ಹೋಗುತ್ತದೆ. ಇದು ಚಿಕಿತ್ಸೆಯುಳ್ಳ ಕಾಯಿಲೆ ಎಂದು ಅವರು ಧೈರ್ಯ ಹೇಳಿದ್ದಾರೆ.

ಹಾಗಾದರೆ ಉಂಗುರ ಯಾರಿಗೂ ಬೇಡವೇ? ಹಾಗಲ್ಲ. ರಾತ್ರಿ ಪಾಳಿ ಮಾಡುವವರಿಗೆ, ಮಲಗುವ ಹೊತ್ತು ದಿನಕ್ಕೊಂದಾಗಿರುವವರಿಗೆ, ತಿಂಗಳುಗಟ್ಟಲೆ ತಮ್ಮ ಅಭ್ಯಾಸ ನೋಡಿಕೊಂಡು ತಿದ್ದಿಕೊಳ್ಳುವ ಮನಸ್ಸಿರುವವರಿಗೆ ಇದು ಒಳ್ಳೆಯ ಗುಮಾಸ್ತ. ಒಂದು ರಾತ್ರಿಯ ಅಂಕ ನೋಡಬಾರದು, ತಿಂಗಳ ಸರಾಸರಿ ನೋಡಬೇಕು. ಅಂಕ ಕಂಡು ಕಳವಳಪಡುವ ಸ್ವಭಾವದವರು ಮಾತ್ರ ದೂರವಿರುವುದು ಲೇಸು. ಸರಿಯಾದ ನಿದ್ದೆಯ ಅಂಕ ಬರಲಿಲ್ಲವೆಂಬ ಚಿಂತೆಯಿಂದಲೇ ನಿದ್ದೆಗೆಡುವವರಿದ್ದಾರೆ. ಅಮೆರಿಕದ ಸಂಶೋಧಕರು 2017ರಲ್ಲಿ ಇದಕ್ಕೆ ‘ಆರ್ಥೋಸಾಮ್ನಿಯಾ’ ಎಂದು ಹೆಸರನ್ನೇ ಇಟ್ಟರು.

ಕೊಳ್ಳುವುದೇ ಸರಿ ಎಂದರೆ ಕೆಲವು ಮಾತು ನೆನಪಿರಲಿ. ಅಳತೆಗೆಂದು ಕೊಡುವ ಪ್ಲಾಸ್ಟಿಕ್ ಉಂಗುರವನ್ನು ಒಂದು ಹಗಲು, ಒಂದು ರಾತ್ರಿ ಪೂರ್ತಿ ಹಾಕಿ ನೋಡಿ. ವಯಸ್ಸಾದವರ ಬೆರಳು ಊದುತ್ತದೆ, ಇಳಿಯುತ್ತದೆ. ಎಂ.ಆರ್.ಐ. ಮಾಡಿಸುವಾಗ ತೆಗೆಯಲೇಬೇಕು. ವರದಿ ನೋಡಲು ಸ್ಮಾರ್ಟ್‌ಫೋನ್ ಬೇಕು, ಬಟನ್ ಫೋನಿನವರಿಗೆ ಇದು ಬರೀ ಆಭರಣ. ನಿಮ್ಮ ನಿದ್ದೆಯ ವಿವರ ಎಲ್ಲಿ ಶೇಖರವಾಗುತ್ತದೆ, ಯಾರಿಗೆ ಹೋಗುತ್ತದೆ ಎಂದು ಓದಿ ಒಪ್ಪಿಗೆ ಕೊಡಿ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇವೆನ್ನುವ ಉಂಗುರವನ್ನಂತೂ ನಂಬಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2024ರ ಫೆಬ್ರುವರಿಯಲ್ಲೇ ಅಂಥ ಉಂಗುರ, ಗಡಿಯಾರಗಳ ವಿರುದ್ಧ ಎಚ್ಚರಿಸಿದೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಹಳೆಯ ನೋಟ್ ಬುಕ್ಕಿನಲ್ಲಿ ಐದು ಗೆರೆ ಎಳೆಯಿರಿ: ದೀಪ ಆರಿಸಿದ ಹೊತ್ತು, ಎದ್ದ ಹೊತ್ತು, ನಡುವೆ ಎಷ್ಟು ಸಲ ಎಚ್ಚರ, ಸಂಜೆಯ ಕೊನೆಯ ಕಾಫಿ ಎಷ್ಟು ಗಂಟೆಗೆ, ಹಗಲಲ್ಲಿ ತೂಕಡಿಸಿದ್ದು ಎಷ್ಟು ಸಲ. ಹದಿನಾಲ್ಕು ದಿನ ಅಜ್ಜಿ ತಾತಂದಿರನ್ನು ಕೇಳಿ ತುಂಬಿಸಿ. ನಿದ್ದೆಯ ಡಾಕ್ಟರುಗಳೂ ಮೊದಲು ಕೇಳುವುದು ಇಂಥ ಪಟ್ಟಿಯನ್ನೇ. ಪಕ್ಕದಲ್ಲೇ ನಿಮ್ಮದನ್ನೂ ಬರೆಯಿರಿ. 6ರಿಂದ 13 ವರ್ಷದವರಿಗೆ 9ರಿಂದ 11 ಗಂಟೆ, 65 ದಾಟಿದವರಿಗೆ 7ರಿಂದ 8 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ಯಾರ ಖಾತೆಯಲ್ಲಿ ಎಷ್ಟು ಬಾಕಿ ಎಂದು ನೀವೇ ಕೂಡಿ ಕಳೆದು ನೋಡಿ. ಅಜ್ಜಿಯ ಗೊರಕೆ ನಡುವೆ ನಿಂತರೆ ಮಾತ್ರ ಹದಿನಾಲ್ಕು ದಿನ ಕಾಯಬೇಡಿ, ಮರುದಿನವೇ ಅಪ್ಪ ಅಮ್ಮನಿಗೆ ಹೇಳಿ.