ಸತ್ತವರ ಗಂಟಿಗೆ ಸುಂಕವಿಲ್ಲ!

ಚೀಟಿ ಅಂಟಿಸಿದ 25 ಕಿಲೋವರೆಗಿನ ಅಕ್ಕಿ ಚೀಲಕ್ಕೂ, ಮೊಸರಿನ ಪೊಟ್ಟಣಕ್ಕೂ 2022ರ ಜುಲೈ 18ರಿಂದ ಶೇಕಡ 5ರ ಜಿ.ಎಸ್.ಟಿ. ಬಿತ್ತು. ಅದನ್ನು ಕೊಳ್ಳುವವನು ಕೂಲಿಯೋ ಕೋಟ್ಯಧೀಶನೋ ಎಂದು ಯಾರೂ ಕೇಳಲಿಲ್ಲ. ಆದರೆ ಇದೇ ದೇಶದಲ್ಲಿ ಸಾವಿರ ಕೋಟಿಯ ಒಡೆಯನೊಬ್ಬ ಕಣ್ಣು ಮುಚ್ಚಿದರೆ, ಆತನ ಮಗ ಒಂದು ದಿನವೂ ದುಡಿಯದೆ ಅಷ್ಟನ್ನೂ ಪಡೆಯುತ್ತಾನೆ. ಹಾಗೆ ಪಡೆದುದಕ್ಕೆ ಬೊಕ್ಕಸಕ್ಕೆ ಬಿಡಿಗಾಸನ್ನೂ ಕಟ್ಟಬೇಕಾಗಿಲ್ಲ. ಉಣ್ಣುವ ಅನ್ನಕ್ಕೆ ಸುಂಕ, ಉಣ್ಣದೆ ಉಳಿದ ಗಂಟಿಗೆ ವಿನಾಯಿತಿ! ಇದು ಯಾವ ನ್ಯಾಯ?

ಮೊದಲಿನಿಂದಲೂ ಹೀಗಿರಲಿಲ್ಲ. 1953ರಲ್ಲಿ ಅರ್ಥಸಚಿವ ದೇಶಮುಖರ ಕಾಲದಲ್ಲಿ ಮರಣಸುಂಕ ಬಂತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕಾಲ್ಡೋರರ ಸಲಹೆಯ ಮೇಲೆ 1957ರಲ್ಲಿ ಸಂಪತ್ತಿನ ತೆರಿಗೆ, 1958ರಲ್ಲಿ ದಾನತೆರಿಗೆ ಬಂದವು. ಮರಣಸುಂಕವನ್ನು 1985ರಲ್ಲಿ ಹೂತರು, ದಾನತೆರಿಗೆಯನ್ನು 1998ರಲ್ಲಿ, ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ. ಮೂರು ಹೆಣಗಳನ್ನು ಹೊತ್ತವರು ಒಂದೇ ಪಕ್ಷದವರಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಉಳಿದೆಲ್ಲ ವಿಷಯಗಳಲ್ಲಿ ಕಚ್ಚಾಡುವವರು ಶ್ರೀಮಂತನ ತಿಜೋರಿಯ ಮುಂದೆ ಮಾತ್ರ ಅಣ್ಣತಮ್ಮಂದಿರಾಗುತ್ತಾರೆ.

ಅವರು ಕೊಟ್ಟ ಕಾರಣವಾದರೂ ಏನು? ಮರಣಸುಂಕದಿಂದ ಬರುವುದು ಸುಮಾರು 20 ಕೋಟಿ, ವಸೂಲಿಯ ಖರ್ಚೇ ಹೆಚ್ಚು ಎಂದರು ವಿ. ಪಿ. ಸಿಂಗರು. ಸಂಪತ್ತಿನ ತೆರಿಗೆ 2013-14ರಲ್ಲಿ ತಂದದ್ದು ಕೇವಲ 1,008 ಕೋಟಿ ಎಂದರು ಅರುಣ್ ಜೇಟ್ಲಿಯವರು. ಅಂಕಿ ಸುಳ್ಳಲ್ಲ. ಆದರೆ ಅಷ್ಟು ಕಡಿಮೆಯಾದದ್ದು ಹೇಗೆ? 1990ರ ದಶಕದ ಮೊದಲಿನಲ್ಲೇ ಷೇರುಗಳನ್ನೂ ಬಾಂಡುಗಳನ್ನೂ ಸಂಪತ್ತಿನ ತೆರಿಗೆಯಿಂದ ಹೊರಗಿಟ್ಟರು. ಕಾರ್ಖಾನೆಗಳ ಒಡೆತನವೆಲ್ಲ ಇರುವುದು ಷೇರಿನಲ್ಲಿ. ಲೆಕ್ಕಕ್ಕೆ ಉಳಿದದ್ದು ಒಡವೆ, ಕಾರು, ಹೆಚ್ಚುವರಿ ಮನೆ, ಪಟ್ಟಣದ ನಿವೇಶನ. ಕೊಡದ ತಳಕ್ಕೆ ತಾವೇ ತೂತು ಕೊರೆದು, ನೀರು ನಿಲ್ಲುವುದಿಲ್ಲವೆಂದು ಕೊಡವನ್ನೇ ಒಡೆದರು! ಮರಣಸುಂಕದ ಕಥೆಯೂ ಬೇರೆಯಲ್ಲ. 20 ಲಕ್ಷದ ಮೇಲೆ ಶೇಕಡ 85ರ ದರ ಕಾಗದದಲ್ಲಿತ್ತು. ಅವಿಭಕ್ತ ಕುಟುಂಬ, ಟ್ರಸ್ಟು, ಕಡಿಮೆ ಕಟ್ಟಿದ ಬೆಲೆ, ಹೀಗೆ ನುಸುಳುವ ದಾರಿಗಳೂ ಜೊತೆಗಿದ್ದವು. (ಅಂಥ ದರ ಅವಿವೇಕವೆಂದೇ ನಮ್ಮ ಮತ. ಯಾರೂ ಕಟ್ಟದ ಶೇಕಡ 85ಕ್ಕಿಂತ ಎಲ್ಲರೂ ಕಟ್ಟುವ ಶೇಕಡ 30 ಮೇಲು.)

ಸಂಪತ್ತಿನ ತೆರಿಗೆಗೆ ಬದಲು ಕೋಟಿ ಮೀರಿದ ಆದಾಯದ ಮೇಲೆ ಇನ್ನೂ ಶೇಕಡ 2ರ ಸರ್‌ಚಾರ್ಜ್ ಹಾಕಿದೆವಲ್ಲ, ಹೆಚ್ಚು ಹಣ ಬರುತ್ತದಲ್ಲ ಎನ್ನುತ್ತಾರೆ. ಬರಲಿ. ಆದರೆ ಯಾರಿಗೆ? ಸಂಪತ್ತಿನ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲಿತ್ತು. ಸರ್‌ಚಾರ್ಜಿನಲ್ಲಿ ಕರ್ನಾಟಕಕ್ಕೆ ಚಿಕ್ಕಾಸೂ ಇಲ್ಲ, ಅದು ಪೂರ್ತಿ ದೆಹಲಿಯದು. ಮರಣಸುಂಕವಂತೂ ಅಂದಿನ ಸಂವಿಧಾನದ 269ನೆಯ ವಿಧಿಯಂತೆ ರಾಜ್ಯಗಳಿಗೇ ಸಲ್ಲುವ ಹಣವಾಗಿತ್ತು. ಮೇಲಾಗಿ ಸರ್‌ಚಾರ್ಜು ಬೀಳುವುದು ಆದಾಯದ ಮೇಲೆ. ಷೇರು ಮಾರದೆ ಕುಳಿತವನ ಸಂಪತ್ತು ನೂರು ಪಟ್ಟು ಬೆಳೆದರೂ ಆ ಬೆಳವಣಿಗೆ ಆದಾಯವೆನಿಸುವುದಿಲ್ಲ. ಆ ಸರ್‌ಚಾರ್ಜನ್ನಾದರೂ ಉಳಿಸಿದರೇ? 5 ಕೋಟಿ ಮೀರಿದ ಆದಾಯದವರಿಗೆ ಅದನ್ನು 2023ರಲ್ಲಿ, ಹೊಸ ಪದ್ಧತಿಯಲ್ಲಿ, 37ರಿಂದ 25ಕ್ಕೆ ಇಳಿಸಿದರು.

ತೆರಿಗೆ ಹಾಕಿದರೆ ಬಂಡವಾಳ ಓಡಿಹೋಗುತ್ತದೆ ಎಂಬುದು ಹಳೆಯ ಗುಮ್ಮ. ಜಪಾನಿನಲ್ಲಿ ಪಿತ್ರಾರ್ಜಿತದ ಮೇಲಿನ ತೆರಿಗೆ ಶೇಕಡ 55ರವರೆಗೆ ಏರುತ್ತದೆ, ಬ್ರಿಟನ್ನಿನಲ್ಲಿ ಶೇಕಡ 40. ಅವು ಬಂಡವಾಳವಿಲ್ಲದ ದೇಶಗಳೇ? ಇತ್ತ 2022-23ರಲ್ಲಿ ಭಾರತದ ಸಂಪತ್ತಿನಲ್ಲಿ ನೂರಕ್ಕೆ 40 ಭಾಗ ಮೇಲಿನ ನೂರಕ್ಕೆ ಒಬ್ಬರ ಕೈಯಲ್ಲಿತ್ತೆಂದು ಪಿಕೆಟಿ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. ಸಂಪತ್ತು ಕೆಲವರಲ್ಲೇ ಕೂಡಿಬೀಳಬಾರದೆನ್ನುವ ಸಂವಿಧಾನದ 39ನೆಯ ವಿಧಿಯನ್ನು ಯಾರೂ ರದ್ದು ಮಾಡಿಲ್ಲ. ಓದುವುದನ್ನು ಬಿಟ್ಟಿದ್ದಾರೆ, ಅಷ್ಟೆ. 2024ರ ಚುನಾವಣೆಯಲ್ಲಿ ಪಿತ್ರಾರ್ಜಿತ ತೆರಿಗೆಯ ಮಾತೆತ್ತಿದ ಒಬ್ಬರಿಂದ ಅವರ ಪಕ್ಷವೇ ಕೈತೊಳೆದುಕೊಂಡಿತು.

1951ರ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಗಾಗಿ. ಇಂದಿನ ಬೊಕ್ಕಸದಲ್ಲಿಯೂ ಎರಡು ಕೊಳಗಗಳಿವೆ.

ನಾವು ಕೇಳುವುದು ವಿಪರೀತವೇನಲ್ಲ. ವಾಸದ ಮನೆ, ರೈತನ ತುಂಡು ಹೊಲ, ಅಂಗಡಿಕಾರನ ಉಳಿತಾಯ ಇವುಗಳ ತಂಟೆ ಬೇಡ. 10 ಕೋಟಿ ಮೀರಿದ ಪಿತ್ರಾರ್ಜಿತಕ್ಕೆ, ಷೇರುಗಳನ್ನೂ ಸೇರಿಸಿ, ತೆರಿಗೆ ಬರಲಿ. ಅದರಲ್ಲಿ ರಾಜ್ಯಕ್ಕೆ ಪಾಲು ಸಿಗಲಿ. ಇನ್ನು, ಎಲ್ಲಕ್ಕೂ ದೆಹಲಿಯ ಕಡೆ ಬೆರಳು ತೋರಿಸುವ ನಮ್ಮ ಶಾಸಕರಿಗೊಂದು ಪ್ರಶ್ನೆ. ಕೃಷಿ ಭೂಮಿಯ ಮರಣಸುಂಕ ರಾಜ್ಯಪಟ್ಟಿಯ 48ನೆಯ ಬಾಬು. ನೂರಾರು ಎಕರೆಯ ಕಾಫಿ ತೋಟ ತಂದೆಯಿಂದ ಮಗನ ಕೈಗೆ ದಾಟುವಾಗ ಸುಂಕ ಹಾಕುವ ಅಧಿಕಾರ ವಿಧಾನಸೌಧಕ್ಕೇ ಇದೆ. ಅದನ್ನು ಬಳಸಲು ನೀವು ಸಿದ್ಧರೇ, ಇಲ್ಲವೇ? ಉತ್ತರ ಬರೆದು ಕಳುಹಿಸಿ. ಒಂದಕ್ಷರ ಬಿಡದೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.